ಹೆಬ್ಬೆಟ್ಟಿನ ಯಂತ್ರಕ್ಕೆ ನನ್ನ ಗುರುತಿನ ವಿಚಾರ

ಮಾನ್ಯರೇ,

ರಾಮನಗರದ ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯಲ್ಲಿ, ಅಕ್ಕಿ ಮೂಟೆಗಳ ಪಕ್ಕದ ಮೇಜಿನ ಮೇಲೆ ಕೆಂಪು ದೀಪ ಬೆಳಗಿಕೊಂಡು ವಿರಾಜಮಾನರಾಗಿರುವ ಹೆಬ್ಬೆಟ್ಟಿನ ಯಂತ್ರ ಮಹೋದಯರ ಸನ್ನಿಧಾನಕ್ಕೆ ರೇಷ್ಮೆ ನೂಲು ಬಿಚ್ಚುವ ಹಫೀಜಾಳ ಸಲಾಮು. ತಾವು ಕ್ಷೇಮವಾಗಿಯೇ ಇರುತ್ತೀರಿ. ತಮಗೆ ಒಂದಿಷ್ಟು ನೆಟ್‌ವರ್ಕ್ ಕಡಿಮೆಯಾದರೂ ಇಡೀ ಬೀದಿ ಕೈಚೀಲ ಹಿಡಿದು ತಮ್ಮ ಆರೋಗ್ಯ ವಿಚಾರಿಸುತ್ತ ನಿಲ್ಲುತ್ತದೆ.

ಮೊದಲು ಉಪಕಾರ ಸ್ಮರಣೆ. ಭಾನುವಾರ ನಮ್ಮಂಥ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುವ ಕೃಷ್ಣಮ್ಮ ಮೇಡಂ, ರೆಕಗ್ನೈಸ್, ಅಂದರೆ ಗುರುತು ಹಿಡಿ ಎಂಬ ಕ್ರಿಯಾಪದಕ್ಕೆ ಹಾರ್ಡ್ಲಿ, ಓನ್ಲಿ ಮುಂತಾದ, ಅರ್ಥಕ್ಕೆ ಕಡಿವಾಣ ಹಾಕುವ ಪದಗಳನ್ನು ಸೇರಿಸಿ ವಾಕ್ಯ ಮಾಡಿಕೊಂಡು ಬನ್ನಿ ಎಂದಿದ್ದರು. ಉಳಿದವರು ಬಾಲ್ಯದ ಗೆಳತಿ, ಗಡ್ಡ ಬೋಳಿಸಿದ ಗಂಡ ಎಂದು ತಲೆ ಕೆರೆದುಕೊಳ್ಳುತ್ತಿದ್ದರೆ, ನನಗೆ ತಾವಿದ್ದಿರಿ. ‘ದಿ ಮೆಷಿನ್ ಹಾರ್ಡ್ಲಿ ರೆಕಗ್ನೈಸಸ್ ಮಿ’, ಅಂದರೆ ಯಂತ್ರಕ್ಕೆ ನನ್ನ ಗುರುತು ಹತ್ತುವುದಿಲ್ಲವೆಂದೇ ಹೇಳಬೇಕು ಎಂದು ಬರೆದೆ. ಮೇಡಂ ಚಪ್ಪಾಳೆ ತಟ್ಟಿದರು.

ತಪ್ಪು ತಮ್ಮದಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ಎಳೆಯ ತುದಿ ಹುಡುಕುವವರ ಬೆರಳಲ್ಲಿ ಗೆರೆ ಉಳಿಯುವುದಿಲ್ಲ. ಅಂಥ ಬೋಳು ಬೆರಳನ್ನು ತಮ್ಮಂಥ ಗಣ್ಯರ ಮುಂದೆ ಒಡ್ಡಿದ್ದೇ ನನ್ನ ಅವಿನಯ. ಎಣ್ಣೆ ಹಚ್ಚಿ ಬಂದೆ, ಸೆರಗಿಗೆ ಒರೆಸಿ ಬಂದೆ, ಬಿಸ್ಮಿಲ್ಲಾ ಎಂದು ಒತ್ತಿದೆ. ತಾವು ಕುಂಯ್ ಎಂದಿರಿ. ಅಂಗಡಿಯ ಅಪ್ಪಾಜಣ್ಣ ಕೈಚೆಲ್ಲಿದರು: “ನಿನ್ ಮದ್ವೇಲಿ ಉಂಡೋನು ಕಣಮ್ಮ ನಾನು, ನೀನ್ಯಾರು ಅಂತ ನಂಗೊತ್ತಿಲ್ವಾ? ಈ ಮಿಷನ್ನು ಒಪ್ಪಾಕಿಲ್ಲ ಅಂತೈತೆ, ನಾನೇನ್ ಮಾಡ್ಲಿ.”

ರೇಷನ್ ಕಾರ್ಡಿನಲ್ಲಿರುವ ಇನ್ನೊಂದು ಹೆಸರು ನಮ್ಮತ್ತೆಯದು. ಬಂದು ಬೆರಳೊತ್ತಲೆಂದರೆ ಅವರು ಹಾಸಿಗೆ ಬಿಟ್ಟು ಏಳಲಾರರು. ಅವರ ಗಂಜಿಗೆಂದು ಪಕ್ಕದ ಮನೆಯ ನೂರ್ಜಹಾನ್ ಬಳಿ ತಿಂಗಳುಗಟ್ಟಲೆ ಅಕ್ಕಿ ಕೇಳುವಾಗ ನನಗೆ ಬಹಳ ನಾಚಿಕೆಯಾಯಿತು ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ಆದಕಾರಣ ಒಂದು ಸಣ್ಣ ವಿನಂತಿ: ನನ್ನ ಬೆರಳಿನ ಗೆರೆಗಳೆಲ್ಲ ನೂಲಿನ ಜೊತೆಗೇ ಹೋಗಿರುವುದರಿಂದ, ಈ ರಾಜ್ಯದಲ್ಲಿ ಇತ್ತೀಚೆಗೆ ಮದುವೆಯಾದ ಹೆಣ್ಣುಮಕ್ಕಳ ರೇಷ್ಮೆ ಸೀರೆಗಳನ್ನೆಲ್ಲ ತರಿಸಿಕೊಂಡು, ಬಿಡುವಿದ್ದಾಗ ಒಂದೊಂದಾಗಿ ಪರಿಶೀಲಿಸುವ ಕೃಪೆ ಮಾಡಬೇಕು.

ಹೀಗಿರುವಾಗ ನಮ್ಮ ಮಾಲೀಕರಾದ ಫಕ್ರುದ್ದೀನ್ ಸಾಹೇಬರ ನೂಲು ಬಿಚ್ಚುವ ಘಟಕದಲ್ಲಿ ನೀರು ಕಾಯಿಸುವ ಬಾಯ್ಲರ್ ಕೆಟ್ಟಿತು. ಕೆಲಸ ನಿಂತಿತು, ಕೂಲಿಯೂ ನಿಂತಿತು. ಮನೆಯಲ್ಲಿ ಕೈಕಟ್ಟಿ ಕೂತು ಕೂತು ಬೆರಳಿಗೆ ಹೊಸ ಚರ್ಮ ಬಂತು. ಸುಮ್ಮನೆ ಒತ್ತಿ ನೋಡೋಣವೆಂದು ಬಂದರೆ, ಆಹಾ, ತಾವು ಹಸಿರು ದೀಪ ಬೆಳಗಿ, ಕಡಿವಾಣವೇ ಇಲ್ಲದೆ, ಪೂರ್ತಿ ನನ್ನ ಗುರುತು ಹಿಡಿದಿರಿ. ಅಪ್ಪಾಜಣ್ಣ ನನಗಿಂತ ಹೆಚ್ಚು ಹಿಗ್ಗಿ ಅಕ್ಕಿ ಅಳೆದರು. ನಾನೂ ಹಿಗ್ಗಿದೆ. ಚೀಲ ಹೊತ್ತು ಅರ್ಧ ದಾರಿ ಬಂದ ಮೇಲೆ ಸಿಟ್ಟು ಬಂತು.

ಆ ನಂತರದ ಭಾನುವಾರ ಬಾಕಿಯಿದ್ದ ಪದವನ್ನೂ ಮುಗಿಸಿದೆ: ‘ಇಟ್ ರೆಕಗ್ನೈಸಸ್ ಮಿ ಓನ್ಲಿ ವೆನ್ ಐ ಹ್ಯಾವ್ ನೋ ವರ್ಕ್.’ ಕೆಲಸವಿಲ್ಲದಾಗ ಮಾತ್ರ ಅದಕ್ಕೆ ನಾನು ಯಾರೆಂದು ತಿಳಿಯುತ್ತದೆ. ಮೇಡಂ ಈ ಸಲ ಚಪ್ಪಾಳೆ ತಟ್ಟಲಿಲ್ಲ.

ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ಹಫೀಜಾ

ವಿ.ಸೂ.: ಬಾಯ್ಲರ್ ರಿಪೇರಿಯಾಗಿದೆ, ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆ. ಮುಂದಿನ ತಿಂಗಳು ಒಬ್ಬ ಹೆಂಗಸು ಬಂದು ಒತ್ತಿದಾಗ ತಮಗೆ ಅವಳು ಯಾರೆಂದು ತಿಳಿಯದಿದ್ದರೆ, ಅವಳು ದುಡಿದು ಬಂದವಳೆಂದು ತಿಳಿದು ಅಕ್ಕಿ ಕೊಡಿಸಿ.