ಕ್ಲಿಫರ್ಡನ ಬಾಯ್ಲರ್ ಪರೀಕ್ಷೆ

ಎಲ್ಲ ರಾಮಾಯಣಕ್ಕೂ ಮೂಲ, ಕ್ಲಿಫರ್ಡ್ ಸಗ್ಡನ್ನನ ಗ್ಯಾರೇಜಿನ ಗೋಡೆಯ ಮೇಲಿದ್ದ ಒಂದು ಬಿಳಿ ಡಬ್ಬಿ. ಬಿಸ್ಕತ್ತಿನಷ್ಟಗಲ, ಮಧ್ಯೆ ತಿರುಗಿಸಲು ಒಂದು ಗುಂಡಿ. ಅದರ ಹೆಸರು ಫ್ರಾಸ್ಟ್ ಥರ್ಮೋಸ್ಟಾಟ್. ಗ್ಯಾರೇಜಿನಲ್ಲಿ ಚಳಿ ಐದು ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಮನೆಯವರು ಮಲಗಿರಲಿ, ಊರು ಬಿಟ್ಟಿರಲಿ, ಯಾರನ್ನೂ ಕೇಳದೆ ತಾನೇ ಮನೆ ಬೆಚ್ಚಗಿಡುವ ಬಾಯ್ಲರ್ ಹೊತ್ತಿಸಿ ಪೈಪಿನ ನೀರು ಗಡ್ಡೆ ಕಟ್ಟದಂತೆ ಕಾಯುವುದು ಅದರ ಕೆಲಸ. ಹೋದ ಚಳಿಗಾಲ ಮಹಾರಾಯ ಕಾಯಲಿಲ್ಲ. ಪೈಪು ಒಡೆದು, ಅಡುಗೆಮನೆಯ ಸೀಲಿಂಗು ಬಂದು ಡೋರೀನಳ ಹೊಸ ಒಲೆಯ ಮೇಲೆ ಕೂತಿತ್ತು.

ಈಗ ನಾಳೆ ಬೆಳಗಾದರೆ ಗಂಡ ಹೆಂಡತಿ ಇಬ್ಬರೂ ಸ್ಪೇನಿನಲ್ಲಿರುವ ಡೋರೀನಳ ಅಕ್ಕನ ಮನೆಗೆ ಹದಿನೈದು ದಿನಕ್ಕೆಂದು ಹೊರಡಬೇಕು.

"ರೀ, ಆ ಡಬ್ಬಿ ನೋಡಿದ್ರಾ?" ಡೋರೀನ್ ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ ಕೇಳಿದಳು.

"ನೋಡ್ದೆ. ಗೋಡೆ ಮೇಲೇ ಇದೆ."

"ಗೋಡೆ ಮೇಲಿಲ್ದೆ ಮರದ ಮೇಲಿರತ್ತಾ? ಪ್ಲಂಬರ್ ಹೇಳಿದ್ದು ಮರೆತ್ರಾ? ಗುಂಡೀನ ಹನ್ನೆರಡು ಡಿಗ್ರಿಗೆ ತಿರುಗಿಸ್ಬೇಕು, ಟಕ್ ಅನ್ಬೇಕು, ಬಾಯ್ಲರ್ ಹೊತ್ಕೋಬೇಕು. ಆಮೇಲೆ ವಾಪಸ್ ಐದಕ್ಕೆ ತರ್ಬೇಕು. ಅದು ಹೊತ್ಕೊಂಡ ಸದ್ದು ನನ್ನ ಕಿವಿಗೆ ಬೀಳೋ ತನಕ ನಾನು ವಿಮಾನ ಹತ್ತಲ್ಲ."

ಕ್ಲಿಫರ್ಡ್ ಮೂವತ್ತು ವರ್ಷ ಯಾರ್ಕ್‌ಶೈರಿನ ಗುಡ್ಡದ ರಸ್ತೆಗಳಲ್ಲಿ ಬಸ್ ಓಡಿಸಿದ ಗಟ್ಟಿ ಮನುಷ್ಯ. ಆದರೆ ಈ ಒಂದು ಕೆಲಸ ಅವನ ಕೈಲಾಗುವಂತಿರಲಿಲ್ಲ.

ಯಾಕೆಂದರೆ ನಮ್ಮ ಟೆಂಟರ್ ಬೀದಿಗೆ ಒಂದು ಕಟ್ಟಳೆ ಇದೆ. ನಮ್ಮ ಚರ್ಚಿನ ಸಭಾಂಗಣ ಹಳೆಯದು, ಬೆಚ್ಚಗೆ ಮಾಡುವ ಏರ್ಪಾಡೇ ಇಲ್ಲ. ಹಾಗಾಗಿ ಗಂಟೆಗಳನ್ನು ಕೈಯಲ್ಲಿ ಆಡಿಸಿ ರಾಗ ನುಡಿಸುವ ಮಿಸೆಸ್ ಆಗ್ಡನ್ನರ ಕೈಗಂಟೆ ತಂಡ ಕ್ರಿಸ್‌ಮಸ್ ಹಾಡುಗಳ ಅಭ್ಯಾಸಕ್ಕೆ ಯಾರದಾದರೂ ಮನೆ ಹಿಡಿಯಬೇಕು. ಬೀದಿಯಲ್ಲಿ ಯಾರು ಮೊದಲು ಬಾಯ್ಲರ್ ಹೊತ್ತಿಸುತ್ತಾರೋ ಅವರ ಮನೆ ಬೆಚ್ಚಗಿದೆ ಎಂದರ್ಥ, ಅಲ್ಲಿಗೇ ಗಂಟೆಗಳ ಸವಾರಿ. ಪ್ರತಿ ಗುರುವಾರ, ಕ್ರಿಸ್‌ಮಸ್‌ವರೆಗೆ, ಒಂದೇ ಹಾಡು. ತಂಡದಲ್ಲಿ ಒಬ್ಬರಿಗೂ ತಾಳ ಹತ್ತಿದ್ದನ್ನು ನಾವು ಕೇಳಿಲ್ಲ. ಹಾಗಾಗಿ ಅಕ್ಟೋಬರ್ ಬಂತೆಂದರೆ ಬೀದಿಗೆ ಬೀದಿಯೇ ಎರಡೆರಡು ಸ್ವೆಟರ್ ತೊಟ್ಟು, ಬಿಸಿನೀರಿನ ಚೀಲ ತಬ್ಬಿಕೊಂಡು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಒಬ್ಬರನ್ನೊಬ್ಬರು ನೋಡುತ್ತಾ ಕೂರುತ್ತದೆ.

ಕದ್ದುಮುಚ್ಚಿ ಹೊತ್ತಿಸುವಂತೆಯೂ ಇಲ್ಲ. ಎಲ್ಲ ಮನೆಗಳ ಬಾಯ್ಲರ್ ಕೊಳವೆಗಳೂ ಹಿಂದಿನ ಓಣಿಗೇ ಬಾಯಿ ತೆರೆದಿವೆ. ಹೊತ್ತಿಸಿದ ಮರುಕ್ಷಣ ಬುಸ್ಸೆಂದು ಬಿಳಿ ಆವಿ ಬರುತ್ತದೆ, ಊರಿಗೆಲ್ಲ ಕಾಣುತ್ತದೆ.

ಕ್ಲಿಫರ್ಡ್ ಎರಡು ವರ್ಷ ಸತತ ಸೋತಿದ್ದ. ಗುರುವಾರ ಸಂಜೆ ಕುರ್ಚಿಯಲ್ಲಿ ಕಾಲು ಚಾಚಿ, ರೇಡಿಯೊ ಹಾಕಿಕೊಂಡು, ಬಾಯಿ ತೆರೆದು ನಿದ್ದೆ ಹೊಡೆಯುವುದು ಅವನ ಜೀವನದ ಏಕೈಕ ಸುಖ. ಅದನ್ನು ಈ ವರ್ಷವಾದರೂ ಉಳಿಸಿಕೊಳ್ಳಬೇಕೆಂದು ಪಣ ತೊಟ್ಟಿದ್ದ. ಇದನ್ನು ಹೆಂಡತಿಗೆ ಬಿಡಿಸಿ ಹೇಳೋಣವೆಂದರೆ ಅವಳು ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಆ ಮಕ್ಕಳಾಟಿಕೆ ಪಂದ್ಯದ ಸುದ್ದಿ ನನ್ನ ಮುಂದೆ ಎತ್ತಿದ್ರೆ ನೋಡಿ ಮತ್ತೆ!"

ಕ್ಲಿಫರ್ಡ್ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡ. ಗುಂಡಿಯನ್ನು ಮುಟ್ಟಲಿಲ್ಲ. ನಾಲಿಗೆಯಿಂದ "ಟಕ್" ಎಂದ. ಆಮೇಲೆ ಗಂಟಲಿನಿಂದ "ಗುರ್‌ರ್‌ರ್" ಎಂದು ಎಳೆದ.

"ರೀ," ಅಡುಗೆಮನೆಯಿಂದ ಡೋರೀನಳ ದನಿ ಬಂತು, "ಬಾಯ್ಲರ್ ಕೆಮ್ಮಲ್ಲ."

ಮೋಸ ನಡೆಯುವುದಿಲ್ಲ ಎಂದಾಯಿತು. ಇನ್ನು ಉಳಿದದ್ದು ಆವಿಯನ್ನು ಮರೆಮಾಡುವುದು. ಅಟ್ಟದಿಂದ ದೊಡ್ಡ ಬೆಡ್‌ಶೀಟ್ ತಂದು ನೀರಲ್ಲಿ ಅದ್ದಿ, ಓಣಿಯಲ್ಲಿ ಹಗ್ಗ ಕಟ್ಟಿ, ಸರಿಯಾಗಿ ಕೊಳವೆಯ ಮುಂದೆ ಇಳಿಬಿಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ಬ್ಯಾರಿ ನಾಯಿ ಹಿಡಿದುಕೊಂಡು ಪ್ರತ್ಯಕ್ಷನಾದ. ತಲೆಗೆ ಎರಡು ಟೋಪಿ, ಮೂಗು ಕೆಂಪು. ಬ್ಯಾರಿಯ ನಾಯಿ ದಿನಕ್ಕೊಮ್ಮೆ ತಿರುಗಾಡುತ್ತಿದ್ದದ್ದು ಈ ತಿಂಗಳು ಗಂಟೆಗೊಮ್ಮೆ ತಿರುಗಾಡುತ್ತಿತ್ತು. ಪಾಪ, ಅದರ ಕಾಲು ಸವೆದುಹೋಗಿತ್ತು.

"ಏನಯ್ಯಾ ಕ್ಲಿಫರ್ಡ್, ಈ ಚಳೀಲಿ ಬಟ್ಟೆ ಒಣಗಿಸ್ತಿದೀಯಾ? ಹಪ್ಪಳ ಆಗತ್ತೆ ನೋಡು."

"ಗಾಳಿಗೆ ಒಣಗಲಿ ಅಂತ."

"ಗಾಳಿ ಎಲ್ಲಿದೆ? ಎಲೆ ಅಲ್ಲಾಡ್ತಿಲ್ಲ." ಬ್ಯಾರಿ ಬೆಡ್‌ಶೀಟನ್ನು ಎತ್ತಿ ಹಿಂದೆ ಇಣುಕಿದ. "ಓಹೋ! ಇದರ ಹಿಂದೆ ಕೊಳವೆ ಇದೆ!"

"ಹೋದ ವರ್ಷನೂ ಅಲ್ಲೇ ಇತ್ತು."

"ಇರಲಿ, ಇರಲಿ. ನಾನು ಇಲ್ಲೇ ಇರ್ತೀನಿ. ನಾಯಿಗೆ ಸುಸ್ತಾಗಿದೆ." ಬ್ಯಾರಿ ಎದುರು ಗೋಡೆಗೆ ಒರಗಿ ನಿಂತೇಬಿಟ್ಟ. ಹಲ್ಲು ಕಟಕಟ ಎನ್ನುತ್ತಿದ್ದರೂ ಕಾವಲು ಬಿಡಲಿಲ್ಲ.

"ರೀ! ನನಗಿನ್ನೂ ಏನೂ ಕೇಳಿಸಿಲ್ಲ!" ಒಳಗಿನಿಂದ ಡೋರೀನ್ ಕೂಗಿದಳು.

"ಏನು ಕೇಳಿಸ್ಬೇಕಂತೆ?" ಬ್ಯಾರಿ ಕಿವಿ ನಿಮಿರಿಸಿದ.

"ಏನಿಲ್ಲ. ಅವಳಿಗೆ ನನ್ನ ಹಾಡು ಕೇಳ್ಬೇಕಂತೆ," ಎಂದು ಕ್ಲಿಫರ್ಡ್ ಗ್ಯಾರೇಜಿಗೆ ನುಗ್ಗಿದ. ಇಪ್ಪತ್ತು ಸಲ ಯೋಚಿಸಿದ. ಆವಿಯನ್ನು ಬಟ್ಟೆಯಿಂದ ಮುಚ್ಚಲಾಗದಿದ್ದರೆ ಹೊಗೆಯಿಂದ ಮುಚ್ಚಬಹುದಲ್ಲ! ತೋಟದ ಮೂಲೆಯಲ್ಲಿ ಗುಡಿಸಿಟ್ಟ ಒದ್ದೆ ಎಲೆಗಳ ರಾಶಿಯಿತ್ತು. ಹಳೇ ಡ್ರಮ್ಮಿಗೆ ತುಂಬಿ, ಕೊಳವೆಯ ಕೆಳಗೇ ತಂದಿಟ್ಟು ಬೆಂಕಿ ಕೊಟ್ಟ. ಒದ್ದೆ ಎಲೆ ಉರಿಯುತ್ತದೆಯೇ? ದಟ್ಟ ಹೊಗೆ ಎದ್ದು ಓಣಿಯನ್ನೆಲ್ಲ ನುಂಗಿತು. ಬ್ಯಾರಿ ಕೆಮ್ಮಿದ, ನಾಯಿ ಕೆಮ್ಮಿತು.

"ಊರೆಲ್ಲ ಬೆಂಕಿ ಹಾಕೋ ಬಾನ್‌ಫೈರ್ ಹಬ್ಬ ಮುಂದಿನ ವಾರ ಕಣೋ, ಇವತ್ತಲ್ಲ! ತಲೆ ಕೆಟ್ಟಿದೆಯೇನೋ ನಿಂಗೆ?"

"ಊರಿಗೆ ಹೋಗ್ತಿದೀನಲ್ಲ, ಎಲೆ ಹಾಗೇ ಬಿಟ್ಟು ಹೋಗ್ಲಾ?"

ಹೊಗೆಯ ನಡುವಿನಿಂದ ಮಿಸೆಸ್ ಆಗ್ಡನ್ ಹೊರಬಂದರು. ಎಂಬತ್ತರ ಹಿರಿಯಾಕೆ, ಕೈಗಂಟೆ ತಂಡದ ಯಜಮಾನಿ. ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ನಕ್ಕರು.

"ಏನಪ್ಪಾ ಕ್ಲಿಫರ್ಡ್, ಭಾರೀ ಕೆಲಸ ಇಟ್ಕೊಂಡಿದ್ದೀಯ. ಸರಿ, ಸಂಜೆ ನೋಡೋಣ."

ಸಂಜೆ ಏನು, ಯಾಕೆ ಎಂದು ಕೇಳುವ ಪುರುಸೊತ್ತು ಕ್ಲಿಫರ್ಡನಿಗೆಲ್ಲಿತ್ತು? ತಲೆಯಾಡಿಸಿ ಒಳಗೆ ಓಡಿದ. ಗುಂಡಿಯನ್ನು ಹನ್ನೆರಡಕ್ಕೆ ತಿರುಗಿಸಿದ. ಟಕ್! ಬಾಯ್ಲರ್ ಗುರ್ ಎಂದು ಹೊತ್ತಿಕೊಂಡಿತು. ಅಡುಗೆಮನೆಯಿಂದ "ಹ್ಞಾಂ, ಇದು ಬಾಯ್ಲರ್!" ಎಂಬ ಮೆಚ್ಚುಗೆ ಕೇಳಿತು. ಹೊರಗೆ ಬಿಳಿ ಆವಿ ಬುಸ್ಸೆಂದು ಹೊಗೆಯಲ್ಲಿ ಸೇರಿಹೋಯಿತು, ಯಾವುದು ಹೊಗೆ, ಯಾವುದು ಆವಿ ಎಂದು ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ.

ಆದರೆ ಹಗ್ಗದ ಮೇಲಿನ ಬೆಡ್‌ಶೀಟಿನ ಅಂಚು ಅಷ್ಟರಲ್ಲಿ ಡ್ರಮ್ಮಿನ ಕಾವಿಗೆ ಒಣಗಿ ಕರಕಲಾಗತೊಡಗಿತ್ತು. "ಬೆಂಕಿ! ಬೆಂಕಿ!" ಎಂದು ಬ್ಯಾರಿ ತನ್ನ ತೋಟದ ನೀರಿನ ಪೈಪು ಎಳೆದುಕೊಂಡು ಬಂದ. ಕ್ಲಿಫರ್ಡ್ ಗಡಿಬಿಡಿಯಲ್ಲಿ ಗುಂಡಿಯನ್ನು ಐದಕ್ಕೆ ತಂದ, ಬಾಯ್ಲರ್ ಸುಮ್ಮನಾಯಿತು, ಬಾಗಿಲು ತೆಗೆದು ಹೊರಬಂದ. ನೀರು ನೆಟ್ಟಗೆ ಅವನ ಎದೆಗೇ ಬಿತ್ತು.

ಹೊಗೆ ಕರಗಿತು. ಬ್ಯಾರಿ ಕೊಳವೆಯನ್ನು ನೋಡಿದ. ಒಂದೆಳೆ ಆವಿಯಿಲ್ಲ. ಕ್ಲಿಫರ್ಡ್ ತೊಯ್ದು ತೊಪ್ಪೆಯಾಗಿ ನಿಂತಿದ್ದ, ಆದರೆ ಮುಖದಲ್ಲಿ ರಾಜ್ಯ ಗೆದ್ದ ಕಳೆಯಿತ್ತು.

"ಬೆಂಕಿಯಿಲ್ದೆ ಹೊಗೆಯಾಡಲ್ಲ ಕಣೋ," ಬ್ಯಾರಿ ಗೊಣಗಿದ. "ಏನೋ ಇದೆ ಇದರಲ್ಲಿ."

"ಇದ್ರೆ ತೋರಿಸು!"

ತೋರಿಸಲು ಏನೂ ಇರಲಿಲ್ಲ. ಬ್ಯಾರಿ ನಾಯಿಯನ್ನು ಎಳೆದುಕೊಂಡು ತನ್ನ ತಣ್ಣನೆಯ ಮನೆಗೆ ಹೋದ. ಸುಟ್ಟ ಬೆಡ್‌ಶೀಟಿಗಾಗಿ ಡೋರೀನಳಿಂದ ಸಹಸ್ರನಾಮವಾಯಿತು. ಕ್ಲಿಫರ್ಡ್ ಒಂದಕ್ಕೂ ಬೇಸರಿಸಲಿಲ್ಲ. ಒಣ ಬಟ್ಟೆ ತೊಟ್ಟು, ಟೀ ಲೋಟ ಹಿಡಿದು, ರೇಡಿಯೊ ಹಾಕಿ, ಕುರ್ಚಿಯಲ್ಲಿ ಕಾಲು ಚಾಚಿದ. ಗುರುವಾರದ ಸಂಜೆ. ಎಂಥಾ ಮೌನ! ಸುಖದಿಂದ ಅವನ ಕಣ್ಣು ಒದ್ದೆಯಾಯಿತು.

ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಮಿಸೆಸ್ ಆಗ್ಡನ್. ಅವರ ಹಿಂದೆ ಇಡೀ ತಂಡ, ಎಲ್ಲರ ಕೈಯಲ್ಲೂ ಗಂಟೆಯ ಪೆಟ್ಟಿಗೆ.

"ಇಲ್ಲ!" ಕ್ಲಿಫರ್ಡ್ ಚೀರಿದ. "ನಾನು ಹೊತ್ತಿಸಿಲ್ಲ! ನೋಡಿದವರು ಯಾರು? ಸಾಕ್ಷಿ ತನ್ನಿ!"

"ಯಾಕಪ್ಪಾ ಹಾಗೆ ಕೂಗ್ತೀಯ? ಹೋದ ಭಾನುವಾರವೇ ಡೋರೀನ್ ಕರೆದು ಬೀಗದ ಕೈ ಕೊಟ್ಟಿದಾಳಲ್ಲ."

ಕ್ಲಿಫರ್ಡ್ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ಹೂಂ, ನಾನೇ ಕರೆದೆ," ಎಂದಳು ಡೋರೀನ್. "ನಾವಿಲ್ದಾಗ ಪೈಪು ಒಡೆದ್ರೆ ನೋಡೋಕೆ ನಾಲ್ಕು ಜನ ಬಂದುಹೋಗ್ತಿರ್ಬೇಕು. ಬರೀ ಆ ಡಬ್ಬಿ ನಂಬ್ಕೊಂಡು ಒಂದ್ಸಲ ಒಲೆ ಕಳ್ಕೊಂಡಿದ್ದು ಸಾಲ್ದಾ? ಅದಕ್ಕೇ ಕ್ರಿಸ್‌ಮಸ್‌ವರೆಗೆ ಇಲ್ಲೇ ಬಾರಿಸಿ ಅಂದೆ. ನಿಮಗೂ ಹೇಳಿದ್ನಲ್ಲ, ರಗ್ಬಿ ನೋಡ್ತಾ ಹೂಂ ಹೂಂ ಅಂದ್ರಿ."

"ಮತ್ತೆ ಊರಿಗೆ ಯಾಕೆ ಹೇಳಲಿಲ್ಲ?" ಕ್ಲಿಫರ್ಡ್ ಅಳುವವನಂತೆ ಮಿಸೆಸ್ ಆಗ್ಡನ್ನರನ್ನು ಕೇಳಿದ.

"ಹೇಳ್ಬಹುದಿತ್ತು. ಆದ್ರೆ ನನ್ನ ವಯಸ್ಸಿಗೆ ಬೇರೆ ಮನರಂಜನೆ ಏನಿದೆ ಹೇಳು? ಬೆಳೆದ ಗಂಡಸರು ಎರಡೆರಡು ಟೋಪಿ ಹಾಕ್ಕೊಂಡು ತಿರುಗೋದು ನೋಡೋಕೆ ಚೆನ್ನಾಗಿರತ್ತೆ."

ಬೇಲಿಯಾಚೆ ಕಿವಿಗೊಟ್ಟು ನಿಂತಿದ್ದ ಬ್ಯಾರಿ, "ಗಂಟೆ ಕ್ಲಿಫರ್ಡನ ಮನೆಗೇ! ಖಾಯಂ ಆಯ್ತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಒಳಗೋಡಿದ. ಚಹಾ ಕಾಯುವಷ್ಟು ಹೊತ್ತೂ ಆಗಿರಲಿಲ್ಲ, ಅವನ ಕೊಳವೆಯಿಂದ ಬುಸ್ಸೆಂದು ಆವಿ ಬಂತು. ಅವನ ಪಕ್ಕದ್ದು ಬುಸ್ಸೆಂದಿತು, ಅದರಾಚೆಯದೂ. ನೋಡನೋಡುತ್ತ ನಮ್ಮ ಓಣಿಯ ಉದ್ದಕ್ಕೂ ಬಿಳಿ ಆವಿಯ ಸಾಲು ಎದ್ದಿತು. ಬೀದಿಯೆಲ್ಲ ಕೋಟು ಬಿಚ್ಚಿತು.

"ಇನ್ನೇನು, ನಾನೂ ಹೊತ್ತಿಸ್ತೀನಿ," ಎಂದು ಕ್ಲಿಫರ್ಡ್ ಗ್ಯಾರೇಜಿನ ಕಡೆ ಹೊರಟ.

"ಕೂತ್ಕೊಳ್ರೀ! ಬೆಳಗಾದ್ರೆ ಊರಿಗೆ ಹೊರಟೋರು ಯಾಕ್ರೀ ಗ್ಯಾಸ್ ಸುಡ್ಬೇಕು? ಗುಂಡಿ ಐದಕ್ಕಿದೆ, ಐದಕ್ಕೇ ಇರಲಿ. ಚಳಿಯಾದ್ರೆ ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ."

ಹೀಗೆ ಆ ವರ್ಷದ ಪಂದ್ಯವನ್ನು ಕ್ಲಿಫರ್ಡ್ ಸಗ್ಡನ್ ಗೆದ್ದ. ಟೆಂಟರ್ ಬೀದಿಯಲ್ಲಿ ಕೊನೆಯವರೆಗೂ ಬಾಯ್ಲರ್ ಹೊತ್ತಿಸದೆ ಉಳಿದ ಮನೆ ಅವನದೊಂದೇ. ಗೆದ್ದವನು ಮೂರು ಸ್ವೆಟರ್ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಾಗ ಮಿಸೆಸ್ ಆಗ್ಡನ್ ಹತ್ತಿರ ಬಂದು ಅವನ ಕೈಗೆ ಒಂದು ಗಂಟೆ ಕೊಟ್ಟರು.

"ತಗೋಪ್ಪಾ, ನಮ್ಮವರೊಬ್ಬರಿಗೆ ಶೀತವಾಗಿದೆ. ನೀನು ಹೇಗಿದ್ರೂ ನಡುಗ್ತಾನೇ ಇದೀಯ, ಸುಮ್ನೆ ಹಿಡ್ಕೊಂಡ್ರೆ ಸಾಕು."