ಜಯರಾಜ ಮಾಸ್ಟ್ರ ಅಟ್ಟ

ಬಂಟ್ವಾಳ ಪೇಟೆಯಲ್ಲಿ ಮನೆ ಕಟ್ಟುವವನು ಅಟ್ಟವನ್ನು ದೊಡ್ಡದು ಮಾಡಬಾರದು. ಮಾಡಿದರೂ ಊರಿಗೆ ತೋರಿಸಬಾರದು. ಜಯರಾಜ ಮಾಸ್ಟ್ರು ಈ ಎರಡು ತಪ್ಪನ್ನೂ ಮಾಡಿದ್ದರು. ಅವರ ಮನೆ ಪೇಟೆಯ ಏರಿನಲ್ಲಿತ್ತು. ನೇತ್ರಾವತಿ ಎಷ್ಟೇ ಉಕ್ಕಿದರೂ ಅವರ ಅಂಗಳದ ಮೆಟ್ಟಿಲು ಮುಟ್ಟಿ ಹಿಂದೆ ಹೋಗುವವಳು. ಹಾಗಾಗಿ ಮಳೆಗಾಲ ಹತ್ತಿರ ಬಂತೆಂದರೆ ಕೆಳಬೀದಿಯವರ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಕಾಲು ಮುರಿದ ತೊಟ್ಟಿಲು ಸಹಿತ ಆ ಅಟ್ಟವನ್ನು ಏರುತ್ತಿದ್ದವು. ಮಾಸ್ಟ್ರು ದಾಕ್ಷಿಣ್ಯದ ಮನುಷ್ಯ. ಕೇಳಿದವರ ಮುಖ ನೋಡಿದರೆ ಮುಗಿಯಿತು.

ಹೋದ ಮಳೆಗಾಲದಲ್ಲಿ ಹೋಟೆಲಿನ ಲೋಕನಾಥ ಶೆಟ್ಟರು "ಸಣ್ಣ ಸಾಮಾನು" ಎಂದು ಇಟ್ಟುಹೋದ ಗೋಣಿಯಲ್ಲಿ ಒಣಮೀನು ಇತ್ತು. ಮಾಸ್ಟ್ರದು ಜೈನರ ಮನೆ. ಆ ವಾಸನೆ ಇಳಿಯುವಾಗ ದೀಪಾವಳಿ ಕಳೆದಿತ್ತು.

ನಯೇ ಪೈಸೆ ಬಂದ ವರ್ಷವದು. ಬೇಸಿಗೆ ರಜೆ ಇನ್ನೇನು ಮುಗಿಯಬೇಕು ಎನ್ನುವಾಗ ಮಾಸ್ಟ್ರ ಹೆಂಡತಿ ಪ್ರಭಾವತಿಯ ತವರು ಮೂಡುಬಿದಿರೆಯಿಂದ ಒಂದು ಗಾಡಿ ತುಂಬ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿ ಅಕ್ಕಿ ಬಂತು. ಜೊತೆಗೆ ಹಲಸಿನ ಹಪ್ಪಳದ ಡಬ್ಬಗಳು, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಭರಣಿಗಳು. ಪ್ರಭಾವತಿ ಎಲ್ಲವನ್ನೂ ಅಟ್ಟದಲ್ಲಿ ಜೋಡಿಸಿ ಕೆಳಗಿಳಿದು ಸೆರಗು ಕೊಡವಿಕೊಂಡಳು.

"ನೋಡಿ, ಈ ಸಲ ಅಟ್ಟ ನಮ್ಮದು. ಹೊರಗಿನವರ ಒಂದು ಗೋಣಿ ಮೇಲೆ ಹೋದರೂ ನಾನು ಮೂಡುಬಿದಿರೆಯ ಬಸ್ಸು ಹತ್ತುತ್ತೇನೆ. ಮತ್ತೆ ನಿಮ್ಮ ಗಂಜಿ ನೀವೇ ಬೇಯಿಸಿಕೊಳ್ಳಿ."

ಅವಳು ಹೇಳಿದ್ದನ್ನು ಮಾಡುವವಳು. ಹಿಂದೊಮ್ಮೆ ಹೀಗೆ ಹೋಗಿದ್ದಾಗ ಮಾಸ್ಟ್ರು ತಮ್ಮ ಕೈಯ ಅಡುಗೆ ಉಂಡು ಉಂಡು, ಅಂಗಿಯೊಳಗೆ ಹುಡುಕಬೇಕಾದಷ್ಟು ಸೊರಗಿದ್ದರು.

ಅವಳು ನೀರಿಗೆಂದು ಬಾವಿಕಟ್ಟೆಗೆ ಹೋದದ್ದೇ ತಡ, ಲೋಕನಾಥ ಶೆಟ್ಟರು ಅಂಗಳಕ್ಕೆ ಬಂದರು.

"ಮಾಸ್ಟ್ರೇ, ನಾಲ್ಕು ಗೋಣಿ ಉಂಟು. ಸಕ್ಕರೆ, ಮೈದಾ, ಅಷ್ಟೇ. ಮೀನಿನ ಸುದ್ದಿಯೇ ಇಲ್ಲ. ಒಂದು ಮೂಲೆಯಲ್ಲಿ ಇಡುವ."

ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಆಗಲಿ ಎಂದರೆ ಮನೆಯಲ್ಲಿ ಗಂಜಿಗೆ ಗತಿಯಿಲ್ಲ. ಆ ಇಕ್ಕಟ್ಟಿನಲ್ಲಿ ಮಾಸ್ಟ್ರ ಬಾಯಿಂದ ಅವರಿಗೇ ಗೊತ್ತಿಲ್ಲದ ಮಾತೊಂದು ಬಂತು.

"ಇಡಬಹುದಿತ್ತು ಶೆಟ್ರೇ. ಆದರೆ ಅಟ್ಟದಲ್ಲಿ ನಾಗ ಕಂಡಿತು."

ಶೆಟ್ಟರು ಮೆಟ್ಟು ಕಳಚಿ ಕೈ ಮುಗಿದರು. "ಹೆಡೆ ಎತ್ತಿತ್ತಾ?"

ಮಾಸ್ಟ್ರು ಸುಳ್ಳಿಗೆ ಹೊಸಬರು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದು. "ಎತ್ತಿತ್ತು."

"ಬೆಳ್ಳಗಿತ್ತಾ?"

"ಸ್ವಲ್ಪ ಬೆಳ್ಳಗೆ."

ಶೆಟ್ಟರು ಬೆನ್ನು ತಿರುಗಿಸದೆ, ಹಿಂದೆ ಹಿಂದೆ ನಡೆದು ಅಂಗಳ ದಾಟಿದರು. ಮಾಸ್ಟ್ರಿಗೆ ಹಿಗ್ಗೋ ಹಿಗ್ಗು. ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಎಂದುಕೊಂಡರು.

ಆದರೆ ಸುದ್ದಿ ಶೆಟ್ಟರಿಗಿಂತ ಮುಂದೆ ಓಡಿ ಬಾವಿಕಟ್ಟೆ ಮುಟ್ಟಿತು. ಪ್ರಭಾವತಿ ಕೊಡವನ್ನು ಜಗಲಿಯಲ್ಲೇ ಇಟ್ಟು ಕಣ್ಣಿಗೊತ್ತಿಕೊಂಡಳು.

"ಪಾರ್ಶ್ವನಾಥ ಸ್ವಾಮಿಯ ತಲೆಯ ಮೇಲೆ ಹೆಡೆ ಹಿಡಿದವನು ನಮ್ಮ ಅಟ್ಟಕ್ಕೆ ಬಂದನಾ? ನನ್ನ ಹತ್ತಿರ ಒಂದು ಮಾತು ಹೇಳಬಾರದಾ?"

"ಅದು ಪ್ರಭಾ, ನಾನು ಸುಮ್ಮನೆ..."

"ಸುಮ್ಮನೆ ಅನ್ನಬೇಡಿ. ನಾಗನ ಹೆಸರಲ್ಲಿ ಹುಡುಗಾಟ ಆಡಿದವರಿಗೆ ಮೈತುರಿಕೆ ಬಿಡುವುದಿಲ್ಲ ಅಂತ ಅಜ್ಜಿ ಹೇಳ್ತಿದ್ದರು."

ಮಾಸ್ಟ್ರ ಬೆನ್ನು ಆಗಲೇ ತುರಿಸಲು ಶುರುವಾಯಿತು. ನಿಜ ಹೇಳುವ ಯೋಚನೆಯನ್ನು ಅಲ್ಲೇ ಕೈಬಿಟ್ಟರು.

ಸ್ವಲ್ಪ ಹೊತ್ತಿಗೆ ಜನ ಬರತೊಡಗಿದರು. ಒಬ್ಬರು ಹಾಲು ತಂದರೆ ಇನ್ನೊಬ್ಬರು ಎಳನೀರಿನ ಗೊನೆ ತಂದರು. ಬಾಳೆಗೊನೆ, ಅರಸಿನ, ಅಡಕೆಯ ಹಿಂಗಾರ ಎಲ್ಲ ಬಂದು ಜಗಲಿ ತುಂಬಿ, ಮಾಸ್ಟ್ರ ಕುರ್ಚಿ ಅಂಗಳಕ್ಕಿಳಿಯಿತು. ಹೋಗಲಿ, ಅಟ್ಟವಾದರೂ ಉಳಿಯಿತಲ್ಲ ಎಂದು ಅವರು ಬಿಸಿಲಲ್ಲೇ ಕುಳಿತರು.

ಅಷ್ಟರಲ್ಲಿ ಬೆಲ್ಲದ ವ್ಯಾಪಾರಿ ಮೂಸಾ ಗಾಡಿ ಹೊಡೆದುಕೊಂಡು ಬಂದ. "ಹಾವು ಉಂಟಂತೆ ಮಾಸ್ಟ್ರೇ. ಒಳ್ಳೆಯದೇ ಆಯ್ತು."

"ಒಳ್ಳೆಯದಾ? ಎಂತ ಒಳ್ಳೆಯದು ಮಾರಾಯ?"

"ಹೋದ ವರ್ಷ ನಿಮ್ಮ ಅಟ್ಟದ ಇಲಿಗಳು ನನ್ನ ಅರ್ಧ ಬೆಲ್ಲ ತಿಂದಿದ್ದವು. ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ. ಈಗ ಇಲಿ ಬರ್ತದಾ? ಎಲ್ಲ ತಂದಿದ್ದೇನೆ, ಇಳಿಸ್ತೇನೆ."

"ಕಚ್ಚಿದರೆ?" ಎಂದು ಮಾಸ್ಟ್ರು ಗಾಬರಿಯಿಂದ ಕೇಳಿದರು.

ಉತ್ತರ ಬಂದದ್ದು ನೆರೆಮನೆಯ ಮುದುಕ ಹುಕ್ರಪ್ಪನಿಂದ. ಇಂಥ ವಿಷಯಗಳಲ್ಲಿ ಬೀದಿಗೆಲ್ಲ ಅವನ ಮಾತೇ ಮಾತು. "ಕಚ್ಚುವುದಾ? ನಾಗ ನಿಧಿ ಕಾಯುವವ ಮಾಸ್ಟ್ರೇ. ಕೊಪ್ಪರಿಗೆ ಹೊನ್ನು ಕಾದವ ನಮ್ಮ ಅಕ್ಕಿ ಕಾಯುವುದಿಲ್ಲವಾ? ಇಡೀ ಬಂಟ್ವಾಳದಲ್ಲಿ ಸಾಮಾನಿಡಲಿಕ್ಕೆ ಇದಕ್ಕಿಂತ ಭದ್ರ ಜಾಗ ಇಲ್ಲ. ಆದರೆ ಒಂದು ಉಂಟು. ದರ್ಶನ ಆದದ್ದು ನಿಮಗೆ. ಏಣಿ ಹತ್ತುವುದೂ ನೀವೇ ಆಗಬೇಕು."

ಅದಾದ ಮೇಲೆ ಗಾಡಿಗಳ ಸಾಲು ಕೆಳಬೀದಿಯವರೆಗೆ ನಿಂತಿತು. ಲೋಕನಾಥ ಶೆಟ್ಟರ ನಾಲ್ಕು ಗೋಣಿ ಹತ್ತಾಗಿತ್ತು. ನೆರೆ ಕಾಣದ ಗುಡ್ಡದ ಮೇಲಿನವರೂ ಪೆಟ್ಟಿಗೆ ಹೊತ್ತು ಬಂದರು. ಮಾಸ್ಟ್ರಿಗೆ ಉಳಿದದ್ದು ಒಂದೇ ಆಸರೆ. ಹೆಂಡತಿಯ ಬೈಗುಳವನ್ನು ಅವರು ಯಾವತ್ತೂ ಇಷ್ಟು ಆಸೆಯಿಂದ ಕಾದದ್ದಿಲ್ಲ.

"ಪ್ರಭಾ, ಬೆಳಿಗ್ಗೆ ನೀನು ಹೇಳಿದ್ದೆಯಲ್ಲ, ಹೊರಗಿನವರ ಗೋಣಿ..."

"ಬೆಳಿಗ್ಗೆ ಅದು ನಮ್ಮ ಅಟ್ಟ. ಈಗ ನಾಗನದು. ಅವನ ಕಾವಲಿಗೆ ಅಂತ ತಂದದ್ದನ್ನು ಹಿಂದೆ ಕಳಿಸಿದರೆ ಮನೆಗೆ ಒಳ್ಳೆಯದಾ? ಮೊದಲು ನಮ್ಮ ಮುಡಿ, ಭರಣಿ ಕೆಳಗಿಳಿಸಿ, ಜಾಗ ಆಗಲಿ. ಮಂಚದ ಮೇಲೆ ಇಟ್ಟರೆ ಹಿಡಿಸ್ತದೆ."

"ಮತ್ತೆ ನಾವು ಮಲಗುವುದು?"

"ನೀವು ಎಳನೀರು ಸರಿಸಿ ಜಗಲಿಯಲ್ಲಿ ಮಲಗಿ. ನಾಗ ಇರುವ ಮನೆಯಲ್ಲಿ ಮಡಿ ನಡೆಸಲಿಕ್ಕೆ ನನ್ನಿಂದ ಆಗುವುದಿಲ್ಲ. ಅವನು ಹೋಗುವವರೆಗೆ ನಾನು ಮೂಡುಬಿದಿರೆಯಲ್ಲಿ ಇರ್ತೇನೆ." ಅವಳು ಟ್ರಂಕು ತುಂಬಿಸಲು ಒಳಗೆ ಹೋದಳು.

ಬೆನ್ನ ಮೇಲೆ ಶೆಟ್ಟರ ಗೋಣಿ ಹೊತ್ತು ಏಣಿಯ ತುದಿಯಲ್ಲಿದ್ದಾಗ ಮಾಸ್ಟ್ರಿಗೆ ದಾರಿ ಹೊಳೆಯಿತು. ಹೆಂಡತಿ ಟ್ರಂಕಿನ ಮುಚ್ಚಳ ಹಾಕುವುದರೊಳಗೆ ಹೇಳಿಬಿಡಬೇಕು. ಅವರು ಅಟ್ಟದೊಳಗೆ ಇಣುಕಿ ಕೂಗಿದರು.

"ಕಾಣುವುದಿಲ್ಲ ಹುಕ್ರಪ್ಪ. ನಾಗ ಹೋಗಿದೆ."

ಹುಕ್ರಪ್ಪ ಏಣಿಯ ಬುಡಕ್ಕೆ ಬಂದು ತಲೆಯೆತ್ತಿದ.

"ಅದು ಒಳ್ಳೆಯ ಲಕ್ಷಣ ಅಲ್ಲ ಮಾಸ್ಟ್ರೇ. ಬಂದ ದಿನವೇ ಹೋಯಿತೆಂದರೆ ನಿಮ್ಮ ಮೇಲೆ ಮುನಿದು ಹೋದದ್ದು. ಇನ್ನು ನಾಗಮಂಡಲವೇ ಆಗಬೇಕು. ಖರ್ಚು ನಿಮ್ಮದೇ, ಊರಿಗೆಲ್ಲ ಊಟವೂ ಹಾಕಬೇಕು. ಇನ್ನೊಮ್ಮೆ ಸರಿಯಾಗಿ ನೋಡಿ. ನಿಜವಾಗಿ ಇಲ್ಲವಾ?"

ಮಾಸ್ಟ್ರು ಇನ್ನೊಮ್ಮೆ ನೋಡಿದರು. ಒಳಗೆ ಬರೀ ಕತ್ತಲೆ. ಕೆಳಗೆ ಟ್ರಂಕಿನ ಚಿಲಕ ಬಿದ್ದ ಸದ್ದು ಕೇಳಿಸಿತು.

"ಉಂಟು," ಎಂದರು ಅವರು ಗೋಣಿಯನ್ನು ಒಳಗೆ ತಳ್ಳುತ್ತ. "ಇಲ್ಲೇ ಮೂಲೆಯಲ್ಲಿ ಉಂಟು. ಮುಂದಿನ ಗೋಣಿ ಕೊಡಿ."