ಹುಲ್ಲುಹಾಸಿಗೆ ಹಾರಿಹೋದ ನನ್ನ ಪೈ ತಟ್ಟೆಗೆ

ಮಾನ್ಯ ತಗಡಿನ ತಟ್ಟೆಯವರೇ,

ನ್ಯೂ ಹೇವನ್ನಿನ ಕಾಲೇಜು ಹುಲ್ಲುಹಾಸಿನ ಮೇಲೆ, ಮೇಪಲ್ ಮರಗಳ ಎತ್ತರದಲ್ಲಿ ವಿಹರಿಸುತ್ತಿರುವ ತಮ್ಮ ಸನ್ನಿಧಿಗೆ, ಇನ್ನೂ ನೆಲದ ಮೇಲೆಯೇ ನಿಂತಿರುವ ಪ್ರೂಡೆನ್ಸ್ ಹಾಚ್‌ಕಿಸ್ ಮಾಡುವ ವಂದನೆಗಳು.

ನಮ್ಮ ಅತ್ತೆಯವರ ಕಾಲದಿಂದ ಹಿಟ್ಟಿನ ಹಾಳೆಯೊಳಗೆ ಸೇಬು ತುಂಬಿದ ಪೈ ಹೊತ್ತು ಒಲೆಯೊಳಗೆ ಮೌನವಾಗಿ ಕುಳಿತಿದ್ದ ತಮ್ಮಲ್ಲಿ ಇಂಥ ಪ್ರತಿಭೆ ಅಡಗಿದೆಯೆಂದು ತಿಳಿಯದೇ ಹೋದದ್ದು ನನ್ನ ಅಜ್ಞಾನ. ನನ್ನ ಮನೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿ ವಿನ್ಸ್ಲೋ, ಕಿಟಕಿಯಲ್ಲಿ ಆರಲಿಟ್ಟ ಪೈಯನ್ನು ತಿಂದು ಮುಗಿಸಿ ತಮ್ಮನ್ನು ಗೆಳೆಯನತ್ತ ಬೀಸಿದಾಗ ತಾವು ಬೀಳಬೇಕಿತ್ತು, ತಾವೋ ತೇಲಿದಿರಿ. ಅಂದಿನಿಂದ ಊರಿನ ತಟ್ಟೆಗಳೆಲ್ಲ ಅಡುಗೆಮನೆ ಬಿಟ್ಟಿವೆ.

"ಪೈ ಇಲ್ದಿರೋ ತಟ್ಟೇನೂ ಜನ ದುಡ್ಡು ಕೊಟ್ಟು ಕೊಳ್ಳೋ ಕಾಲ ಬರುತ್ತೆ ಮೇಡಂ" ಎನ್ನುತ್ತಾನೆ ಆತ. "ಕದ್ದು ತಿಂದೋರು ಕ್ಷಮೆ ಕೇಳೋ ಕಾಲ ಮೊದಲು ಬರಲಿ ಮಾರಾಯ" ಎಂದೆ.

ಶನಿವಾರದ ಚರ್ಚಿನ ಭೋಜನಕ್ಕೆ ತಾವು ಬೇಕೇ ಬೇಕಿತ್ತು. ಬೇರೆ ತಟ್ಟೆಯಲ್ಲಿ ನನ್ನ ಪೈಯ ತಳ ಒದ್ದೆಯಾಗುತ್ತದೆ, ಪಕ್ಕದ ಮನೆಯ ಲವೀನಿಯಾ ಟ್ರೋಬ್ರಿಜ್ ವರ್ಷವಿಡೀ ಅದಕ್ಕೇ ಕಾಯುತ್ತಾರೆ. ಆದರೆ ವಿನ್ಸ್ಲೋ ಒಳ್ಳೆಯ ಮನೆತನದ ಹುಡುಗ: "ತಟ್ಟೆ ಖಾಲಿ ವಾಪಸ್ ಕೊಟ್ಟೆ ಅಂತ ಗೊತ್ತಾದ್ರೆ ನಮ್ಮಮ್ಮ ನನ್ನ ಮನೆಗೇ ಸೇರ್ಸಲ್ಲ. ಏನಾದ್ರೂ ತುಂಬಿಸ್ಕೊಂಡೇ ತರ್ತೀನಿ. ಅಲ್ಲೀತನಕ ಎಸೀಬಹುದು ತಾನೆ?"

ತಾವು ತುಂಬಿಕೊಂಡೇ, ನೇರವಾಗಿ ಚರ್ಚಿನ ಮೇಜಿಗೇ ಬಂದಿರಿ. ಆತ ಪೈ ತುಂಬಿಸಿಕೊಂಡು ಬಂದದ್ದು ಲವೀನಿಯಾ ಅವರಿಂದ. ಪೈ ಯಾರದೆಂದು ತಿಳಿಯಲು ನಮ್ಮಲ್ಲಿ ತಟ್ಟೆಯ ಅಂಚಿನ ಹೆಸರೇ ಸಾಕ್ಷಿಯಾದ್ದರಿಂದ, ಪಾದ್ರಿಗಳು ನನ್ನ ಹೆಸರು ಓದಿ, ಎರಡನೇ ತುಂಡನ್ನೂ ಮುಗಿಸಿ, "ತಳ ಗರಿಗರಿಯಾಗಿದೆ, ಪ್ರೂಡೆನ್ಸ್. ಅಂತೂ ಕಲಿತುಬಿಟ್ರಿ" ಎಂದರು. "ಕಲೀದೆ ಏನು, ವಯಸ್ಸಾಯ್ತಲ್ಲ" ಎಂದರು ಲವೀನಿಯಾ.

ಆದಕಾರಣ ತಾವು ಮುಂದಿನ ಭಾನುವಾರ ಪ್ರವಚನಪೀಠದ ಮೇಲೆ ತೇಲಿ ನಿಂತು, ಆ ಪೈ ನನ್ನದಲ್ಲವೆಂದೂ, ನನ್ನದು ಅದಕ್ಕಿಂತ ಎಂದೆಂದೂ ಮೇಲೆಂದೂ ಸಭೆಗೆ ತಿಳಿಸಬೇಕಾಗಿ ಪ್ರಾರ್ಥನೆ. ಮಾತು ಬಾರದಿದ್ದರೆ ಲವೀನಿಯಾ ಅವರ ಹೊಸ ಟೋಪಿಯನ್ನಾದರೂ ಒಂದು ಸುತ್ತು ಹಾಕಿ, ಸಭೆಗೆ ಅರ್ಥವಾಗುತ್ತದೆ.

ಮಾಡದ ಪೈಗೆ ಹೊಗಳಿಸಿಕೊಂಡು ನೊಂದಿರುವ,
ತಮ್ಮ ವಿಶ್ವಾಸಿ,
ಪ್ರೂಡೆನ್ಸ್ ಹಾಚ್‌ಕಿಸ್

ತಾಜಾ ಕಲಂ: ವಿನ್ಸ್ಲೋ ತಮ್ಮನ್ನು ಮತ್ತೆ ಹುಲ್ಲುಹಾಸಿಗೆ ಒಯ್ಯುವ ಮುನ್ನ, ಉಳಿದ ತುಂಡಿನ ಸಮೇತ ತಮ್ಮನ್ನು ನಾನೂ ಒಮ್ಮೆ ಬೀಸಿ ನೋಡಿದೆ. ತಾವು ಸೊಗಸಾಗಿ ಹಾರಿ, ಲವೀನಿಯಾ ಅವರ ಪೈಯನ್ನು ಬೇಲಿಯಾಚೆ ಅವರಿಗೇ ತಲುಪಿಸಿದ್ದಕ್ಕೆ ಕೃತಜ್ಞಳು. ಅವರು ಒಣಹಾಕಿದ್ದ ಬಿಳಿ ಹೊದಿಕೆಗೆ ಅದು ಅಂಟಿಕೊಂಡ ರೀತಿ ನೋಡಿದರೆ, ತಳ ಅಷ್ಟೇನೂ ಗರಿಗರಿಯಾಗಿರಲಿಲ್ಲ.